ಎರಡು ಮನೆ ಕೆಳಗೆ

ನಮ್ಮ ಆರ್ಕೆಸ್ಟ್ರಾದ ಬೇಸ್ ಗಿಟಾರ್ ಮಾಸ್ಟರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ತರಕಾರಿ ಮಾರ್ಕೆಟ್ಟಿನಲ್ಲಿ, ಎಲ್ಲ ಮುಗಿದು ಎಷ್ಟೋ ದಿನವಾದ ಮೇಲೆ. ಮೆಂತ್ಯದ ಸೊಪ್ಪು ಆರಿಸುತ್ತಿದ್ದೆ. ಪಕ್ಕದಲ್ಲಿ ನಿಂಬೆಹಣ್ಣು ಒತ್ತಿ ನೋಡುತ್ತಿದ್ದ ಹಳೆಯ ಪರಿಚಯದ ಹೆಂಗಸೊಬ್ಬರು, "ಟೀಚರಮ್ಮ, ನಿಮ್ಮ ಗಿಟಾರ್ ಸಾಬ್ರು ಹೋಗ್ಬಿಟ್ರಂತಲ್ಲ, ಗೊತ್ತಾತಾ?" ಎಂದರು. ಗೊತ್ತಾಗಿರಲಿಲ್ಲ. ಸೊಪ್ಪಿನ ಕಟ್ಟು ಅಲ್ಲೇ ಇಟ್ಟು ಮನೆಗೆ ಬಂದೆ. ಮೊದಲು ಬಂದದ್ದು ಸಿಟ್ಟು. ಹೇಳದೆ ಕೇಳದೆ ಕೆಲಸ ಮುಗಿಸಿಬಿಡುವುದು ಆ ಮನುಷ್ಯನ ಹುಟ್ಟುಗುಣ. ಹೋಗುವಾಗಲೂ ಹಾಗೇ ಮಾಡಿದರಲ್ಲ ಅನ್ನಿಸಿತು. ಅಳು ಆಮೇಲೆ, ಅಕ್ಕಿ ತೊಳೆಯುವಾಗ ಬಂತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಾರ್ಯಕ್ರಮದ ಕೊನೆಯಲ್ಲಿ ನಮ್ಮ ಓನರ್ ಮೈಕು ಹಿಡಿದು ಒಬ್ಬೊಬ್ಬರ ಹೆಸರನ್ನೂ ಕೂಗಿ ಚಪ್ಪಾಳೆ ಹೊಡೆಸುತ್ತಿದ್ದರು. ಇವರ ಸರದಿ ಬರುವ ಹೊತ್ತಿಗೆ ಸರಿಯಾಗಿ ಇವರು ಬಗ್ಗಿ ಯಾವುದೋ ವೈರನ್ನು ಹುಡುಕುತ್ತಿರುತ್ತಿದ್ದರು. ಚಪ್ಪಾಳೆ ಖಾಲಿ ಜಾಗಕ್ಕೆ ಬೀಳುತ್ತಿತ್ತು. ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದಕ್ಕೆ, "ಹೆಸ್ರು ತಗಂಡು ಏನ್ಮಾಡ್ತಾರ್ರೀ ಟೀಚರಮ್ಮ, ಗಾದಿ ಬೇಕಾದ್ರೆ ಅಂಗಡಿಗೇ ಬರ್ತಾರೆ" ಎಂದಿದ್ದರು. ಹೋದ ಮೇಲೆ ಹೆಸರು ಕೂಗಿ ಅವರನ್ನು ಮತ್ತೆ ವೈರು ಹುಡುಕಲು ಕಳಿಸುವುದು ಬೇಡ.

ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಕೊನೆಯ ವರ್ಷಗಳ ಮಾತು. ನಾನು ದುರ್ಗದಲ್ಲಿ ಪ್ರಾಥಮಿಕ ಶಾಲೆಯ ಟೀಚರು, ಸಂಜೆಯ ಹೊತ್ತು ಆರ್ಕೆಸ್ಟ್ರಾದ ಹಾಡುಗಾರ್ತಿ. ಮದುವೆಯ ಆರತಕ್ಷತೆ, ಗಣಪತಿ ಪೆಂಡಾಲು, ಕಾಲೇಜು ಡೇ, ಕರೆದ ಕಡೆ ಹೋಗಿ ಸಿನಿಮಾ ಹಾಡು ಹಾಡಿ ಬರುತ್ತಿದ್ದೆವು. ಮದುವೆಯಾಗದ ಹುಡುಗಿ ಸ್ಟೇಜಿನ ಮೇಲೆ ಹಾಡುತ್ತಾಳೆಂದರೆ ಬೀದಿಯಲ್ಲಿ ಎಷ್ಟು ಮಾತು ಹುಟ್ಟಬಹುದೋ ಅಷ್ಟೂ ಹುಟ್ಟಿದ್ದವು. ನಮ್ಮವ್ವ ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗಂತೂ ಹಾಡೊಂದಿದ್ದರೆ ಸಾಕಿತ್ತು. ಸೀರೆ, ಸರ, ಗಂಡು, ಮನೆ ಯಾವುದನ್ನು ನೆನೆದರೂ ಇಷ್ಟು ಆಸೆಯಾಗುತ್ತಿರಲಿಲ್ಲ.

ಓನರ್ ಅಂದರೆ ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಗಂಡುದನಿಯ ಹಾಡುಗಳೆಲ್ಲ ಅವರವೇ. ಒಳ್ಳೆಯ ಮನುಷ್ಯ, ಆದರೆ ತಲೆಗೂದಲು ಕೆದರಿದರೆ ಹಾಡು ಮರೆತುಹೋಗುತ್ತಿತ್ತು. ಬೆಂಗಳೂರಿನಲ್ಲಿ ಯಾವುದೋ ಆರ್ಕೆಸ್ಟ್ರಾ ಮುಚ್ಚಿದಾಗ ಇವರು ಹೋಗಿ ಸಾಮಾನು ಹೊತ್ತು ತಂದರು. ಅದರಲ್ಲಿ ಒಂದು ಬೇಸ್ ಗಿಟಾರೂ ಇತ್ತು. ಬಿಚ್ಚಿ ನೋಡಿದರೆ ಉದ್ದನೆಯ ಕುತ್ತಿಗೆ, ಅದಕ್ಕೆ ನಾಲ್ಕೇ ತಂತಿ. ಗಿಟಾರಿಗೆ ಆರು ತಂತಿ ಎಂದಷ್ಟೇ ಬಲ್ಲ ನಮ್ಮ ಓನರ್ ತಲೆ ಮೇಲೆ ಕೈ ಹೊತ್ತು ಕೂತರು. "ಎರಡು ತಂತಿ ಕಿತ್ಕಂಡು ಕೊಟ್ಟವ್ರೆ ಕಣ್ರೀ, ಮೋಸ ಹೋದೆ" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದರು.

ಆ ವಾರವೇ ನಮ್ಮ ಮಾಸ್ಟರು ಓನರ್ ಮನೆಗೆಂದು ಮಾಡಿದ್ದ ಗಾದಿಯನ್ನು ತಲೆಯ ಮೇಲೆ ಹೊತ್ತು ರೇಡಿಯೋ ಅಂಗಡಿಗೆ ಬಂದಿದ್ದರು. ಅವರದು ರಂಗಯ್ಯನ ಬಾಗಿಲ ಕಡೆ ಹತ್ತಿ ಹಿಂಜುವ ಅಂಗಡಿ, ಪಿಂಜಾರರ ಮನೆತನ. ತಂದೆಯ ಕಾಲದ ಕಮಾನು ಇನ್ನೂ ಸೂರಿಗೆ ತೂಗುತ್ತಿತ್ತು. ಆಳುದ್ದದ ಆ ಬಿಲ್ಲಿನ ನರದ ತಂತಿಯನ್ನು ಹತ್ತಿಯೊಳಗೆ ಇಳಿಸಿ ಮರದ ಗುಂಡಿನಿಂದ ಹೊಡೆದರೆ ಧುಂಯ್ ಎಂದು ಎದೆಗೇ ಬಂದು ತಾಗುವಂಥ ಸದ್ದು. ಅದನ್ನು ಕೇಳುತ್ತಲೇ ಬೆಳೆದವರು ಮಾಸ್ಟರು. ಅಂಗಡಿಯಲ್ಲಿ ಗೋಡೆಗೆ ಒರಗಿದ್ದ ಗಿಟಾರಿನ ದಪ್ಪ ತಂತಿಯನ್ನು ಸುಮ್ಮನೆ ಒಂದು ಸಲ ಹೆಬ್ಬೆರಳಿನಿಂದ ಮೀಟಿದರಂತೆ. ಗಾದಿಯನ್ನು ನೆಲಕ್ಕೆ ಹಾಕಿ, ಅದರ ಮೇಲೆಯೇ ಕೂತು, ಸಂಜೆಯವರೆಗೂ ಏಳಲಿಲ್ಲವಂತೆ. "ನಮ್ಮಪ್ಪನ ಕಮಾನು ಮಾತಾಡ್ದಂಗಾತು" ಎಂದು ಆಮೇಲೆ ನನಗೆ ಹೇಳಿದರು. ಓನರ್‌ಗೂ ಸಮಾಧಾನವಾಯಿತು. ಮೋಸ ಹೋದದ್ದಾಗಿದ್ದರೆ ಇವರು ಹಾಗೆ ಕೂರುತ್ತಿರಲಿಲ್ಲ ಎಂಬುದು ಅವರ ಲೆಕ್ಕ.

ಸ್ಟೇಜಿನ ಮೇಲೆ ಅವರು ನಿಲ್ಲುತ್ತಿದ್ದುದು ಹಿಂದಿನ ಸಾಲಿನಲ್ಲಿ, ಡ್ರಮ್ಮಿನ ಪಕ್ಕ, ಕಣ್ಣು ಮುಚ್ಚಿಕೊಂಡು. ಹುಬ್ಬಿನಲ್ಲಿ ಯಾವಾಗಲೂ ಒಂದೆಳೆ ಹತ್ತಿ. ಬೆಳಗ್ಗೆ ಅಂಗಡಿ, ಸಂಜೆ ಸ್ಟೇಜು. ಎಷ್ಟು ತೊಳೆದರೂ ಹತ್ತಿ ಪೂರ್ತಿ ಹೋಗುತ್ತಿರಲಿಲ್ಲ. ಭರಮಸಾಗರದ ಗಣಪತಿ ಪೆಂಡಾಲಿನಲ್ಲಿ ಒಬ್ಬ ಅಜ್ಜಿ ಮುಂದಿನ ಸಾಲಿನಿಂದ ಎದ್ದು ಬಂದು ಓನರ್‌ಗೆ, "ಏನಪ್ಪ, ಆ ಹಿಂದಿನೋರಿಗೆ ಒಂದು ಕುರ್ಚಿನಾದ್ರೂ ಕೊಡ್ರೋ, ನಿಂತಲ್ಲೇ ನಿದ್ದೆ ಮಾಡಕತ್ಯಾರೆ" ಎಂದು ಬೈದಿದ್ದಳು. ಮಾಸ್ಟರು ಕಣ್ಣು ತೆರೆಯದೆಯೇ ನಕ್ಕಿದ್ದರು.

ಬಾರಿಸುವುದನ್ನು ಅವರಿಗೆ ಯಾರೂ ಕಲಿಸಲಿಲ್ಲ. ಆದರೆ ಅವರ ಹತ್ತಿರ ಕಲಿಯಲು ಜನ ಬರತೊಡಗಿದರು. ಚಿಕ್ಕಜಾಜೂರಿನ ರೈಲ್ವೆ ಕ್ಲಾರ್ಕೊಬ್ಬರು ಭಾನುವಾರ ಭಾನುವಾರ ಬರುತ್ತಿದ್ದರು. ಇಡೀ ವಾರ ಟಿಕೆಟ್ಟು ಕೊಟ್ಟು ಕೊಟ್ಟು ಮೆತ್ತಗಾದ ಬೆರಳು. ಬೇಸಿನ ತಂತಿ ಎಂದರೆ ಹಗ್ಗದಷ್ಟು ದಪ್ಪ, ಒತ್ತಿದರೆ ಚರ್ಮಕ್ಕೆ ಗೆರೆ ಮೂಡುತ್ತದೆ. ಮೊದಲ ದಿನವೇ ಕ್ಲಾರ್ಕು ಬೆರಳನ್ನು ಬಾಯಿಗಿಟ್ಟುಕೊಂಡು ಕೂತಿದ್ದು ನೋಡಿ ಮಾಸ್ಟರು ನಾಲ್ಕು ಬಿರಡೆಗಳನ್ನೂ ತುಸುತುಸು ಹಿಂದಕ್ಕೆ ತಿರುವಿ ತಂತಿಗಳನ್ನು ಸಡಿಲ ಮಾಡಿಕೊಟ್ಟರು.

"ಶುರುವಿಗೇ ಬಿಗಿ ತಂತಿ ಕೊಟ್ರೆ ಬೆಳ್ಳು ಹೆದರ್ಕಂತಾವೆ. ಈಗ ಎರಡು ಮನೆ ಕೆಳಗಿರ್ಲಿ. ಬೆಳ್ಳು ಗಟ್ಟಿಯಾದಂಗೆ ಮ್ಯಾಲಕ್ಕೆ ಹೋಗಾಣ" ಎಂದರು.

ಮನೆ ಎಂದರೆ ಗಿಟಾರಿನ ಕುತ್ತಿಗೆಯ ಮೇಲೆ ಲೋಹದ ಗೆರೆಗಳ ನಡುವೆ ಬರುವ ಒಂದೊಂದು ಜಾಗ. ಒಂದು ಮನೆ ಇಳಿದರೆ ಸ್ವರ ಅರ್ಧ ಮೆಟ್ಟಿಲು ಇಳಿದಂತೆ. ತಂತಿಗಳಿಗೂ ಅವರು ಹೆಸರಿಟ್ಟಿದ್ದರು. ಎಲ್ಲಕ್ಕಿಂತ ದಪ್ಪನೆಯದು ಅಜ್ಜಿ, ಆಮೇಲಿನದು ಅವ್ವ, ಮೂರನೆಯದು ಮೊಮ್ಮಗಳು. ನಾಲ್ಕನೆಯ ತೆಳ್ಳಗಿನದು ಪಕ್ಕದ ಮನೆ ಹುಡುಗಿ. ಕರೆದಾಗ ಬಂದರೆ ಸಾಕು, ಯಾವಾಗಲೂ ಮನೆಯಲ್ಲೇ ಇರಬೇಕಾಗಿಲ್ಲ. ಕ್ಲಾರ್ಕಿನ ಬೆರಳು ಸ್ವಲ್ಪ ಪಳಗಿದ ಮೇಲೆ ತಂತಿಗಳನ್ನೆಲ್ಲ ಮತ್ತೆ ಬಿಗಿದು, ಇನ್ನೊಂದು ಪಾಠ ಹೇಳಿದರು. ಈ ಸಲ ಅಜ್ಜಿಯನ್ನು ಮಾತ್ರ ಎರಡು ಮನೆ ಇಳಿಸುವುದು, ಮಿಕ್ಕವರನ್ನು ಮುಟ್ಟುವಂತಿಲ್ಲ.

"ಎಲ್ಲಿಗೆ ಇಳಿಸ್ಬೇಕು ಅಂತ ಹೆಂಗೆ ಗೊತ್ತಾಗುತ್ತೆ ಮಾಸ್ಟ್ರೇ?" ಎಂದು ಕ್ಲಾರ್ಕು ಕೇಳಿದರು.

"ನಿಮ್ಮ ಮನೇಲಿ ಮೊಮ್ಮಗಳಿಗೆ ಅಜ್ಜಿ ಹೆಸ್ರು ಇಡಲ್ವೇನ್ರಿ? ಹಂಗೇ ಇದು. ಇಬ್ರನ್ನೂ ಒಟ್ಟಿಗೆ ಕರೀರಿ. ಅಜ್ಜಿ ದನಿ ದಪ್ಪ, ಮೊಮ್ಮಗಳದು ಸಣ್ಣ, ಆದ್ರೆ ಇಬ್ರದೂ ಒಂದೇ ಹೆಸ್ರು ಅನ್ನಿಸ್ಬೇಕು. ಅನ್ನಿಸೋತಂಕ ಒಳಗೆ ಒಂಥರಾ ಅಲುಗಾಟ ಇರ್ತೈತೆ. ಅದು ನಿಂತ ತಕ್ಷಣ ಬಿರಡೆ ಬಿಟ್ಬಿಡ್ರಿ."

ಕ್ಲಾರ್ಕು ಉತ್ಸಾಹದಲ್ಲಿ ತಿರುವಿ ತಿರುವಿ ಅಜ್ಜಿಯನ್ನು ಪಾತಾಳಕ್ಕೇ ಇಳಿಸಿದರು. ತಂತಿ ಜೋತುಬಿದ್ದು ಕುತ್ತಿಗೆಗೆ ಬಡಿದು ಪಟಪಟ ಅನ್ನತೊಡಗಿತು. ನಾನು ನಕ್ಕುಬಿಟ್ಟೆ. ಮಾಸ್ಟರು ನಗಲಿಲ್ಲ. "ಅಜ್ಜೀನ ಮೆಟ್ಲು ಇಳಿಸ್ರಿ ಅಂದ್ರೆ ಬಾವಿಗೇ ನೂಕಿಬಿಟ್ರಲ್ರೀ" ಎಂದು ಮೆಲ್ಲಗೆ ಮೇಲೆತ್ತಿದರು. ಸಡಿಲ ತಂತಿಯನ್ನು ಸಿಟ್ಟಿನಲ್ಲಿ ಮೀಟಬಾರದು, ಎಷ್ಟು ಇಳಿಸಿದ್ದೇವೋ ಅಷ್ಟು ಮೆತ್ತಗೆ ಮುಟ್ಟಬೇಕು ಎಂದು ತೋರಿಸಿಕೊಟ್ಟರು. ನಾನು ಆ ಪಾಠಗಳಿಗೆಲ್ಲ ಗೋಡೆಗೊರಗಿ ಕೂತಿರುತ್ತಿದ್ದೆ. ಶಾಲೆಯಲ್ಲಿ ಮಕ್ಕಳಿಗೆ ಕೂಗಿ ಕಲಿಸುವ ನನಗೆ, ದನಿಯೆತ್ತದೆ ಕಲಿಸುವವರನ್ನು ನೋಡುವುದೇ ಒಂದು ಸುಖವಾಗಿತ್ತು.

ಬೇಸಿನ ತಂತಿ ಆಗ ದುರ್ಗದಲ್ಲಿರಲಿ, ದಾವಣಗೆರೆಯಲ್ಲೂ ಸಿಗುತ್ತಿರಲಿಲ್ಲ. ಇದ್ದುದನ್ನೇ ಬಿಚ್ಚಿ, ಸುರುಳಿ ಸುತ್ತಿ, ಪಾತ್ರೆಯಲ್ಲಿ ವಾಷಿಂಗ್ ಸೋಡಾ ಹಾಕಿ ಕುದಿಸುತ್ತಿದ್ದರು. ಬೆವರು, ಜಿಡ್ಡು ಎಲ್ಲ ಬಿಟ್ಟು ತಂತಿಗೆ ಮತ್ತೆ ದನಿ ಬರುತ್ತಿತ್ತು. ಒಮ್ಮೆ ಅವರ ನಾದಿನಿ ಊರಿಂದ ಬಂದವಳು ಮುಚ್ಚಳ ತೆಗೆದು ನೋಡಿ, ಶಾವಿಗೆ ಬೇಯುತ್ತಿದೆ ಎಂದುಕೊಂಡು ಬೆಲ್ಲ ಹಾಕಿಬಿಟ್ಟಿದ್ದಳು. ಆ ತಂತಿಗಳಿಗೆ ಒಂದು ವಾರ ಇರುವೆ ಮುತ್ತಿತ್ತು. ಅವರ ಹೆಂಡತಿ ಈ ಕಥೆ ಹೇಳುವಾಗಲೆಲ್ಲ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ನಾವು ಅವರನ್ನು ಭಾಬಿ ಎನ್ನುತ್ತಿದ್ದೆವು.

ಒಂದು ವರ್ಷ ಬೇಸಿಗೆಯ ಕೊನೆಯಲ್ಲಿ ನನ್ನ ಕೊರಳಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಗಲೇಬೇಕು ಎಂದರು. ದನಿ ಸ್ವಲ್ಪ ಬದಲಾಗಬಹುದು, ಮೇಲಿನ ಸ್ವರ ಕಷ್ಟವಾಗಬಹುದು ಎಂದು ಡಾಕ್ಟರು ಮೊದಲೇ ತಿಳಿಸಿದ್ದರು. ಅವ್ವ ನನ್ನ ಮುಖ ನೋಡಿದಳು. ನಾನು ಆಗಲಿ ಎಂದೆ, ಬೇರೆ ದಾರಿ ಇರಲಿಲ್ಲ. ಗಾಯ ಮಾಗಿದ ಮೇಲೆ ಒಂದು ಬೆಳಿಗ್ಗೆ ಹಿತ್ತಲಲ್ಲಿ ನಿಂತು, ನಾನು ಎಲ್ಲ ಕಡೆ ಹಾಡಿ ಹೆಸರು ಮಾಡಿದ್ದ ಹಾಡನ್ನೇ ಎತ್ತಿಕೊಂಡೆ. ಎರಡನೆಯ ಸಾಲಿನಲ್ಲಿ ದನಿ ಒಡೆದು ಬರೀ ಗಾಳಿ ಬಂತು. ಬಟ್ಟೆ ಒಗೆಯುತ್ತಿದ್ದ ಅವ್ವ ತಲೆಯೆತ್ತಲಿಲ್ಲ. ಕೇಳಿಸಲಿಲ್ಲವೇನೋ ಎಂಬಂತೆ ಇನ್ನೂ ಜೋರಾಗಿ ಬಟ್ಟೆ ಕುಕ್ಕಿದಳು.

ಓನರ್ ನೋಡಲು ಬಂದಾಗ ಹಣ್ಣು ತಂದಿದ್ದರು. "ಅವಸರ ಇಲ್ಲಮ್ಮ, ಆರಾಮಾಗಿ ಬಾ. ಅಲ್ಲೀತಂಕ ದಾವಣಗೆರೆ ಹುಡುಗಿ ಒಬ್ಳನ್ನ ನೋಡಿಟ್ಟೀನಿ" ಎಂದರು. ಅವರ ತಪ್ಪೇನಿಲ್ಲ. ಹೆಣ್ಣುದನಿ ಇಲ್ಲದ ಆರ್ಕೆಸ್ಟ್ರಾವನ್ನು ಯಾರು ಕರೆಯುತ್ತಾರೆ? ಅವರು ಹೋದ ಮೇಲೆ ಆ ಮೂಸಂಬಿಗಳನ್ನು ನಾನು ಮುಟ್ಟಲಿಲ್ಲ.

ಮಾಸ್ಟರು ಬಂದಾಗ ಏನೂ ತಂದಿರಲಿಲ್ಲ. "ಸುಮ್ನೆ ಒಂದು ಸಾಲು ಗುನುಗ್ರಿ ನೋಡಾಣ" ಎಂದರು. ಗುನುಗಿದೆ. ಕಣ್ಣು ಮುಚ್ಚಿ ಕೇಳಿ, "ಶುಕ್ರವಾರ ಪ್ರಾಕ್ಟೀಸಿಗೆ ಬರ್ರಿ" ಎಂದು ಎದ್ದು ಹೋದರು.

ಶುಕ್ರವಾರ ಹೆದರುತ್ತಲೇ ಹೋದೆ. ನಮ್ಮಲ್ಲಿ ಒಂದು ರೂಢಿ ಇತ್ತು. ಮೊದಲು ಮಾಸ್ಟರು ತಮ್ಮ ದಪ್ಪ ತಂತಿಯನ್ನು ಶ್ರುತಿಗೆ ಕೂರಿಸಬೇಕು, ಅದನ್ನು ಕೇಳಿ ಗಿಟಾರು, ಮ್ಯಾಂಡೋಲಿನ್ನು ಎಲ್ಲ ತಮ್ಮ ತಮ್ಮ ತಂತಿ ಹೊಂದಿಸಿಕೊಳ್ಳಬೇಕು. ಎದೆಗೆ ಕಟ್ಟಿಕೊಂಡು ನುಡಿಸುವ ಹಾರ್ಮೋನಿಯಂನಂಥ ಅಕಾರ್ಡಿಯನ್ ನಮ್ಮ ಹತ್ತಿರ ಇರಲಿಲ್ಲ. ದೊಡ್ಡ ಮದುವೆ ಇದ್ದರೆ ಮಾತ್ರ ದಾವಣಗೆರೆಯಿಂದ ಒಬ್ಬರನ್ನು ಕರೆಸುತ್ತಿದ್ದರು. ಹಾಗಾಗಿ ಮಾಮೂಲಿ ದಿನಗಳಲ್ಲಿ ಮಾಸ್ಟರ ಅಜ್ಜಿ ಎಲ್ಲಿ ಕೂತರೆ ಅದೇ ಶ್ರುತಿ. ಆ ದಿನ ಶ್ರುತಿ ಕೂಡಿಸಿದ್ದು ಮುಗಿಯಿತು, ಹಾಡು ಶುರುವಾಯಿತು. ಎರಡನೆಯ ಸಾಲು ಬರುತ್ತಿದ್ದಂತೆ ನಾನು ಸೆರಗು ಬಿಗಿಹಿಡಿದುಕೊಂಡೆ. ದನಿ ಒಡೆಯಲಿಲ್ಲ. ಸ್ವಲ್ಪ ಎಳೆದುಕೊಳ್ಳಬೇಕಾಯಿತು, ಆದರೆ ಹೋಗಿ ಮುಟ್ಟಿತು. ಹಾಡು ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮನೆಗೆ ನಡೆದು ಹೋಗಲಿಲ್ಲ, ಓಡಿದೆ. "ಅವ್ವಾ, ಬಂತು!" ಎಂದು ಬಾಗಿಲಿಂದಲೇ ಕೂಗಿದೆ.

ಗಣಪತಿ ಹಬ್ಬಕ್ಕೆ ಹಿರಿಯೂರು, ಹೊಳಲ್ಕೆರೆ, ಭರಮಸಾಗರ ಎಲ್ಲ ಕಡೆ ಹಾಡಿದೆ. ದನಿ ಮೊದಲಿಗಿಂತ ಚೆನ್ನಾಗಿದೆ, ಒಂದು ತೂಕ ಬಂದಿದೆ ಎಂದವರೂ ಇದ್ದರು. ಓನರ್ ದಾವಣಗೆರೆಯ ಹುಡುಗಿಯ ಮಾತು ಬಿಟ್ಟರು. ಆದರೆ ಅವರಿಗೇ ಏನೋ ತೊಂದರೆ ಶುರುವಾಯಿತು. "ಯಾಕೋ ಕೆಳಗಿನ ಸ್ವರ ಸಿಗ್ತಾ ಇಲ್ಲ ಕಣ್ರಿ, ಗಂಟಲು ಪಾತಾಳಕ್ಕಿಳೀತೈತೆ" ಎಂದು ಮೆಣಸಿನ ಕಷಾಯ ಕುಡಿದರು, ಉಪ್ಪುನೀರು ಮುಕ್ಕಳಿಸಿದರು, ಕೊನೆಗೆ ಕೊರಳಿಗೆ ಮಫ್ಲರ್ ಸುತ್ತಿಕೊಂಡು ಹಾಡಿದರು. ಗಿಟಾರಿನವರು ತಂತಿ ಸಡಿಲವೆನಿಸುತ್ತದೆ ಎಂದು ಗೊಣಗಿದರೆ ಮಾಸ್ಟರ ಹತ್ತಿರ ಉತ್ತರ ಸಿದ್ಧವಿತ್ತು: "ನನ್ನ ತಂತಿ ಹಳೇವು, ಬಿಗಿದ್ರೆ ಕಿತ್ತೋಗ್ತಾವೆ. ಹೊಸಾವು ಬೆಂಗ್ಳೂರಿಂದ ಬರೋತಂಕ ಸ್ವಲ್ಪ ಹೊಂದ್ಕಳ್ರಪ್ಪ." ತಂತಿ ಸಿಗದ ಕಷ್ಟ ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ಹೆಚ್ಚು ಕೇಳಲಿಲ್ಲ.

ಒಂದೆರಡು ಸಲ ಪ್ರಾಕ್ಟೀಸಿನಲ್ಲಿ ನನಗೆ ಇದ್ದಕ್ಕಿದ್ದಂತೆ ಗಂಟಲು ಹಿಡಿದುಕೊಂಡಿತು. ಮಾಸ್ಟರು ಥಟ್ಟನೆ ಕೈ ನಿಲ್ಲಿಸಿ, "ನಂದೇ ತಪ್ಪು, ತಂತಿ ಜಾರೈತೆ" ಎನ್ನುತ್ತ ಬಿರಡೆ ತಿರುವಿದರು. ಎಲ್ಲರೂ ಮತ್ತೆ ಹೊಂದಿಸಿಕೊಂಡರು. ಆಮೇಲೆ ಹಾಡು ಸರಾಗವಾಗಿ ಹೋಯಿತು. ನನಗೆ ಯಾವ ಅನುಮಾನವೂ ಬರಲಿಲ್ಲ. ಸಂತೋಷದಲ್ಲಿದ್ದವರಿಗೆ ಅನುಮಾನ ಎಲ್ಲಿಂದ ಬರಬೇಕು?

ಕಾರ್ತಿಕ ಕಳೆದು ಲಗ್ನಗಳು ಶುರುವಾದವು. ಹೊಸದುರ್ಗದಲ್ಲಿ ದೊಡ್ಡ ಆರತಕ್ಷತೆ ಒಪ್ಪಿಕೊಂಡಿದ್ದೇವೆ, ಅಕಾರ್ಡಿಯನ್ ಕರೆಸುತ್ತೇನೆ ಎಂದರು ಓನರ್. ಎಂದೂ ಎದುರು ಮಾತಾಡದ ಮಾಸ್ಟರು, "ಅಕಾರ್ಡಿನ್ ಯಾಕ್ರಿ, ಮ್ಯಾಂಡೋಲಿನ್ ಐತಲ್ಲ" ಎಂದರು. ಓನರ್ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. ಮಾಸ್ಟರಿಗೂ ಹೊಟ್ಟೆಕಿಚ್ಚು ಬಂತಲ್ಲ ಎಂದು ನಾನೂ ನಕ್ಕೆ.

ಅಕಾರ್ಡಿಯನ್ನಿಗೆ ಬಿರಡೆ ಇರುವುದಿಲ್ಲ. ಅದರ ಸ್ವರಗಳು ತಯಾರಾಗುವಾಗಲೇ ಕೂತುಬಿಟ್ಟಿರುತ್ತವೆ, ಮಿಕ್ಕವರೇ ಅದಕ್ಕೆ ಹೊಂದಿಕೊಳ್ಳಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಏನೂ ಹೊಳೆಯಲಿಲ್ಲ.

ಹೊಸದುರ್ಗದ ಛತ್ರದಲ್ಲಿ ಮಾಸ್ಟರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಅಕಾರ್ಡಿಯನ್ನಿನವರನ್ನು ಮೊದಲೇ ಕಂಡು ಒಂದು ಮಾತು ಹೇಳಬೇಕಿತ್ತು ಅವರಿಗೆ. ದಾವಣಗೆರೆ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಆ ಮನುಷ್ಯ ಬಂದಿಳಿದಾಗ ಗಂಡು ಹೆಣ್ಣು ಆಗಲೇ ಕುರ್ಚಿಯಲ್ಲಿ ಕೂತಿದ್ದರು, ಮಾಡದಕೆರೆಯಿಂದ ಲಾರಿಯಲ್ಲಿ ಬಂದ ಗಂಡಿನ ಕಡೆಯವರು ಹಾಡು ಯಾವಾಗ ಎಂದು ಕೇಳುತ್ತಿದ್ದರು. ಓನರ್ ಅಕಾರ್ಡಿಯನ್ನಿನವರನ್ನು ನೇರ ಸ್ಟೇಜಿಗೆ ಹತ್ತಿಸಿದರು. ಮಾಸ್ಟರು ಹತ್ತಿರ ಹೋಗುವಷ್ಟರಲ್ಲಿ ಅಕಾರ್ಡಿಯನ್ ಶುರುವಾಗಿಬಿಟ್ಟಿತ್ತು.

ಮಿಕ್ಕವರೂ ಸೇರಿಕೊಂಡರು. ಎಂಥ ಕರ್ಕಶವಾಯಿತೆಂದರೆ, ಮುಂದಿನ ಸಾಲಿನ ಮಗುವೊಂದು ಅಳತೊಡಗಿತು. ಅಕಾರ್ಡಿಯನ್ನಿನವರು ಕೈ ನಿಲ್ಲಿಸಿ, ಮೈಕು ಎದುರಿಗಿದೆ ಎಂಬುದನ್ನೂ ಮರೆತು, "ಏನ್ರೀ ಇದು, ನೀವೆಲ್ಲ ಎರಡು ಮನೆ ಕೆಳಗಿದೀರಲ್ರೀ!" ಎಂದರು. ಸಭೆಗೆಲ್ಲ ಕೇಳಿಸಿತು. ಯಾರಿಗೂ ಅರ್ಥವಾಗಲಿಲ್ಲ. ನನಗೆ ಮಾತ್ರ ಅರ್ಥವಾಯಿತು. ಹಿಂದಕ್ಕೆ ತಿರುಗಿ ನೋಡಿದೆ. ಮಾಸ್ಟರು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು.

"ನೀವೊಂದಿಷ್ಟು ಇಳಿಸಿ ನುಡಿಸ್ರಿ" ಎಂದು ಮಾಸ್ಟರು ಅಕಾರ್ಡಿಯನ್ನಿನವರನ್ನು ಕೇಳಿದ್ದೂ ಆಯಿತು. "ಈ ಹಾಡು ನನ್ನ ಕೈಗೆ ಕುಂತಿರೋದೇ ಇಲ್ಲಿ, ಇಳಿಸೋಕೆ ಬರಲ್ಲ" ಎಂದರು ಆತ. ಓನರ್ ಅವಸರಪಟ್ಟು ಎಲ್ಲರ ತಂತಿಯನ್ನೂ ಮೇಲೆತ್ತಿಸಿದರು. ಹಾಡು ಮತ್ತೆ ಶುರುವಾಯಿತು. ನಾನೂ ಹಠದಿಂದ ಶುರುಮಾಡಿದೆ. ಎರಡನೆಯ ಸಾಲಿನಲ್ಲಿ, ಅಷ್ಟು ಜನದ ಮುಂದೆ, ಮೈಕಿನಲ್ಲಿ, ಹಿತ್ತಲಲ್ಲಿ ಬಂದಿದ್ದ ಅದೇ ಗಾಳಿ ಬಂತು. ಯಾರೋ ಹುಡುಗರು ಸೀಟಿ ಹೊಡೆದರು. ಮೈಕು ಓನರ್ ಕೈಗೆ ಕೊಟ್ಟು ನಾನು ಸ್ಟೇಜಿನ ಹಿಂದಿನ ಮೆಟ್ಟಿಲು ಇಳಿದು ಅಡುಗೆಯ ಕೊಪ್ಪರಿಗೆಗಳು ಬಿದ್ದಿದ್ದ ಅಂಗಳಕ್ಕೆ ಬಂದೆ.

ಸ್ವಲ್ಪ ಹೊತ್ತಿಗೆ ಮಾಸ್ಟರು ಬಂದರು. ಕೈಯಲ್ಲಿ ನೀರಿನ ಲೋಟ.

"ನನ್ನ ದನಿ ಬಂದೇ ಇರ್ಲಿಲ್ಲ, ಅಲ್ವಾ?" ಎಂದೆ.

ಅವರು ಲೋಟವನ್ನು ನನ್ನ ಕಡೆ ಚಾಚಿದರು.

"ಊರೂರು ತಿರುಗ್ಸಿ ಹಾಡ್ಸಿದ್ರಿ. ಅವ್ವಂಗೆ ಬಂತು ಅಂತ ಕೂಗಿ ಹೇಳ್ದೆ. ನನಗೊಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳಿದ್ರೆ ನೀವು ಬಾಯೇ ಬಿಡ್ತಿರ್ಲಿಲ್ಲ ಟೀಚರಮ್ಮ. ಹಾಡ್ತಾ ಹಾಡ್ತಾ ಬಲ ಬರ್ತೈತೆ, ಒಂದೊಂದೇ ಮನೆ ಮ್ಯಾಲೆ ತಗಂಡ್ಹೋದ್ರಾತು, ನಿಮಗೆ ಗೊತ್ತಾಗದಂಗೆ ಮೊದ್ಲಿನ ಜಾಗಕ್ಕೆ ಬಿಟ್ಟು ಬರ್ತೀನಿ ಅಂದ್ಕಂಡಿದ್ದೆ. ಒಂದೆರಡು ಸಲ ಏರಿಸ್ದೆ. ನಿಮಗೆ ನೋವಾತು. ಮತ್ತೆ ಇಳಿಸ್ದೆ." ಲೋಟವನ್ನು ನನ್ನ ಪಕ್ಕ ಇಟ್ಟು, "ನನ್ನ ತಪ್ಪು ತಾಯಿ. ಕ್ಲಾರ್ಕಿನ ಬೆಳ್ಳಿನಂಗೆ ಅಂದ್ಕಂಡ್ಬಿಟ್ಟೆ" ಎಂದರು.

ನಾನು ಆ ನೀರು ಕುಡಿಯಲಿಲ್ಲ. ಆ ಸಂಜೆ ಮತ್ತೆ ಸ್ಟೇಜು ಹತ್ತಲಿಲ್ಲ. ದುರ್ಗಕ್ಕೆ ಬರುವವರೆಗೂ ವ್ಯಾನಿನಲ್ಲಿ ಅವರ ಕಡೆ ಮುಖ ತಿರುಗಿಸಲಿಲ್ಲ. ಇಷ್ಟು ಜನರ ಮುಂದೆ ಬಿದ್ದದ್ದಕ್ಕಿಂತ, ಬಿದ್ದಿದ್ದೇನೆಂದು ಅವರಿಗೆ ಗೊತ್ತಿದ್ದೂ ನನಗೇ ಗೊತ್ತಿರಲಿಲ್ಲವಲ್ಲ ಎಂಬುದು ಹೆಚ್ಚು ಸುಡುತ್ತಿತ್ತು.

ಪ್ರಾಕ್ಟೀಸಿಗೆ ಹೋಗುವುದನ್ನು ಬಿಟ್ಟೆ. ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಭಾಬಿ ಗೇಟಿನ ಹತ್ತಿರ ನಿಂತಿದ್ದರು. ಕಂಕುಳಲ್ಲಿ ಒಂದು ಹೊಸ ದಿಂಬು, ಅವ್ವನಿಗೆಂದು. ದಾರಿಯುದ್ದಕ್ಕೂ ಹತ್ತಿಯ ಮಾತು, ಚಳಿಯ ಮಾತು ಆಡಿ, ನಮ್ಮ ಬೀದಿ ಬಂದಾಗ ನಿಂತರು.

"ನಿನ್ನೆ ನಿಮ್ಮ ಓನರ್ ಬಂದಿದ್ರವ್ವ. ದಾವಣಗೆರೆ ಹುಡುಗಿ ಒಪ್ಕಂಡಾಳೆ, ಅಕಾರ್ಡಿನ್ನೂ ಇನ್ಮ್ಯಾಲೆ ಕಾಯಂ ಅಂದ್ರು. ನಮ್ಮನೆಯೋರು ಗಿಟಾರ್ ತಂದು ಚಾದರ ಸುತ್ತಿ ಬಾಗ್ಲಲ್ಲಿ ಇಟ್ಬಿಟ್ರು. ಟೀಚರಮ್ಮ ಬರ್ದಿದ್ರೆ ಇದನ್ನೂ ತಗಂಡ್ಹೋಗ್ರಿ ಅಂದ್ರು."

"ಓನರ್ ತಗಂಡ್ಹೋದ್ರಾ?"

"ಇಲ್ಲ. ಸೋಮವಾರ ನೋಡಾಣ ಅಂತ ಹೋದ್ರು. ಅದು ಅಲ್ಲೇ ಬಾಗ್ಲಲ್ಲಿ ನಿಂತೈತೆ. ಇವ್ರು ಅದ್ರ ಕಡೆ ನೋಡದೆ ಹತ್ತಿ ಹಿಂಜಾಕತ್ಯಾರೆ" ಎಂದು ಭಾಬಿ ಸೆರಗಿನಿಂದ ಮೂಗು ಒರೆಸಿಕೊಂಡರು.

ಆ ಗಿಟಾರು ಓನರ್‌ದು. ಅದು ಹೋದರೆ ಮಾಸ್ಟರಿಗೆ ಇನ್ನೊಂದು ಸಿಗುವುದಿಲ್ಲ ಎಂಬುದು ದುರ್ಗಕ್ಕೆಲ್ಲ ಗೊತ್ತಿದ್ದ ವಿಷಯ. ದಿಂಬನ್ನು ಅವ್ವನ ಕೈಗೆ ಕೊಟ್ಟು ನಾನು ಹಾಗೇ ಅವರ ಅಂಗಡಿಗೆ ನಡೆದೆ. ನಡೆಯುವಾಗ ಸಿಟ್ಟು ಇನ್ನೂ ಇತ್ತು, ಆದರೆ ಅದರ ಕೆಳಗೆ ಇನ್ನೊಂದಿತ್ತು. ಹೊಸದುರ್ಗದಿಂದ ಬಂದ ಮೇಲೆ ದಿನಾ ಹಿತ್ತಲಲ್ಲಿ ನಿಂತು ನಾನು ಹಾಡಿಕೊಂಡು ನೋಡುತ್ತಿದ್ದೆ. ಯಾವ ವಾದ್ಯವೂ ಇಲ್ಲದೆ, ದನಿ ತಾನಾಗಿ ಎಲ್ಲಿ ಕೂರುತ್ತದೋ ಅಲ್ಲಿಂದ.

ಅಂಗಡಿಯೊಳಗೆ ಹತ್ತಿ ಮಂಜಿನಂತೆ ಹಾರುತ್ತಿತ್ತು. ಮಾಸ್ಟರು ನನ್ನನ್ನು ಕಂಡು ಕಮಾನು ಬಿಟ್ಟು ಎದ್ದರು. "ಕುಂತ್ಕಳ್ರಿ ಟೀಚರಮ್ಮ" ಎಂದು ಒಂದು ಗಾದಿಯ ಮೇಲಿನ ಧೂಳು ಕೊಡವಿದರು. ನಾನು ಬಾಗಿಲಲ್ಲಿದ್ದ ಗಿಟಾರಿನ ಚಾದರ ಬಿಚ್ಚಿ ಅವರ ಕೈಗೆ ಕೊಟ್ಟು, ಎದುರಿಗೆ ಕೂತೆ.

"ಎಷ್ಟು ಇಳಿಸಿದ್ರಿ ನನಗೆ ಅಂತ?"

"ಎರಡು ಮನೆ."

"ಇನ್ನೊಂದು ಇಳಿಸ್ರಿ."

ಅವರಿಗೆ ಅರ್ಥವಾಗಲಿಲ್ಲ. ನನ್ನ ಮುಖವನ್ನೇ ನೋಡಿದರು.

"ಎರಡು ಮನೆ ಕೆಳಗೂ ಆ ಸಾಲು ನನಗೆ ಎಳೀತಿತ್ತು ಮಾಸ್ಟ್ರೇ. ಗಣಪತಿ ಹಬ್ಬದಲ್ಲೆಲ್ಲ ನೋವು ನುಂಗ್ಕಂಡೇ ಹಾಡ್ದೆ. ನೀವೆಲ್ಲ ಅಷ್ಟು ಖುಷಿಯಾಗಿದ್ರಿ, ಹೆಂಗೆ ಹೇಳೋದು ಅಂತ ಸುಮ್ನಿದ್ದೆ."

ಮಾಸ್ಟರು ಗಿಟಾರನ್ನು ತೊಡೆಯ ಮೇಲೆ ಇಳಿಸಿದರು. ಆಮೇಲೆ ನಗತೊಡಗಿದರು. ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡರು, ಹುಬ್ಬಿನ ಹತ್ತಿ ಕೆನ್ನೆಗೆ ಅಂಟಿಕೊಂಡಿತು. "ಓನರ್ ಒಪ್ಪಲ್ಲ ತಾಯಿ. ಅಕಾರ್ಡಿನ್ ಅಲ್ಲಿಗೆ ಇಳಿಯಲ್ಲ" ಎಂದರು.

"ನನ್ನ ಹಾಡಿಗೆ ಅಕಾರ್ಡಿಯನ್ನಿನೋರು ಎಲೆಅಡಿಕೆ ಹಾಕ್ಕಳ್ಳಿ. ಸೋಮವಾರ ಓನರ್‌ಗೆ ನಾನೇ ಹೇಳ್ತೀನಿ. ಮುಚ್ಚಿಟ್ಟು ಹಾಡಲ್ಲ, ಇದೇ ನನ್ನ ಶ್ರುತಿ ಅಂತಲೇ ಹೇಳ್ತೀನಿ. ಬೇಡ ಅಂದ್ರೆ ಇಬ್ರೂ ಹೊರಗೆ ಬರಾಣ."

ಓನರ್ ಬೇಡ ಎನ್ನಲಿಲ್ಲ. ಗೊಣಗಿದರು, ಮಫ್ಲರ್ ಸುತ್ತಿಕೊಂಡು ಹಾಡಿದ ದಿನಗಳನ್ನು ನೆನೆದು ಮಾಸ್ಟರನ್ನು ಬೈದರು, ಕೊನೆಗೆ ಒಪ್ಪಿದರು. ಆ ಶ್ರುತಿಯಲ್ಲೇ ನಾನು ಮುಂದೆ ವರ್ಷಗಟ್ಟಲೆ ಹಾಡಿದೆ. ಅದೆಲ್ಲ ಆಮೇಲಿನ ಮಾತು. ನನಗೆ ಅವರು ನೆನಪಾದಾಗಲೆಲ್ಲ ಕಾಣುವುದು ಆ ಸಂಜೆಯ ಅಂಗಡಿಯೇ. ಹತ್ತಿಯ ರಾಶಿಯ ನಡುವೆ ಕೂತು, ಕಿವಿಯನ್ನು ಗಿಟಾರಿನ ಮೈಗೆ ಹಚ್ಚಿ, ಅವರು ಒಂದೊಂದೇ ಬಿರಡೆಯನ್ನು ಹಿಂದಕ್ಕೆ ತಿರುವಿದರು. ಪ್ರತಿ ತಂತಿಯನ್ನೂ ಮೀಟಿ ನನ್ನ ಮುಖ ನೋಡಿದರು. ಇನ್ನೂ ಎಂದು ನಾನು ಕೈಸನ್ನೆ ಮಾಡಿದೆ. ಸಾಕು ಎಂದೆ. ಅವರು ಕಣ್ಣು ಮುಚ್ಚಿದರು. ನಾನು ಹಾಡಿದೆ. ಎರಡನೆಯ ಸಾಲು ಬಂತು, ಹೋಯಿತು. ಈ ಸಲ ಎಷ್ಟು ಇಳಿದಿದೆ ಎಂಬುದು ನನಗೂ ಗೊತ್ತಿತ್ತು.